‘ಅವಾರ್ಡ್ ಪಿಕ್ಚರ್’ ಅಂದರೆ ನಿಧಾನ ಅಂದವರು ಯಾರು?

ನಮಸ್ಕಾರ. ಹೊರಗೆ ಮಳೆ ಹಿಡಿದಿದೆ. ಶೀಟಿನ ಮೇಲೆ ಬೀಳುವ ಸದ್ದು ನಿಮಗೂ ಕೇಳಿಸುತ್ತಿರಬಹುದು. ಪರವಾಗಿಲ್ಲ, ಈ ಸದ್ದಿನ ಜೊತೆಗೇ ಮಾತಾಡುತ್ತೇನೆ. ಇವತ್ತಿನ ಮಾತು ಸಿನಿಮಾದ್ದು. ಆದರೆ ಅದರಲ್ಲಿ ಅರ್ಧ ಮಳೆಯೇ ಇದೆ.

ಮೊನ್ನೆ ಒಬ್ಬ ಗೆಳೆಯ ಕೇಳಿದ, ನಿನಗೆ ತುಂಬಾ ಇಷ್ಟವಾದ ಕನ್ನಡ ಸಿನಿಮಾಗಳು ಯಾವುವು ಅಂತ. ಹೇಳಿದೆ. ಅವನು ಮುಖ ಸಪ್ಪೆ ಮಾಡಿಕೊಂಡು, “ಎಲ್ಲ ಅವಾರ್ಡ್ ಪಿಕ್ಚರ್ ಅಲ್ವಾ?” ಅಂದ. ಈ ಮಾತು ನೀವೂ ಕೇಳಿರುತ್ತೀರಿ. ಅವಾರ್ಡ್ ಪಿಕ್ಚರ್ ಅಂದರೆ ಯಾರೋ ದೂರದಿಂದ ನಡೆದು ಬರುತ್ತಲೇ ಇರುತ್ತಾರೆ, ಯಾರೂ ಮಾತಾಡುವುದಿಲ್ಲ, ಕೊನೆಗೆ ಏನೂ ಆಗುವುದಿಲ್ಲ. ಹೀಗೆ ಅಂದುಕೊಂಡು ನೋಡದೇ ಬಿಟ್ಟವರು ಜಾಸ್ತಿ.

ನಾನು ಈ ಸಿನಿಮಾಗಳನ್ನು ಮೊದಲು ನೋಡಿದ್ದು ದೂರದರ್ಶನದಲ್ಲಿ. ಭಾನುವಾರ ಮಧ್ಯಾಹ್ನ ಬೇರೆ ಬೇರೆ ಭಾಷೆಯ ಪ್ರಶಸ್ತಿ ಬಂದ ಸಿನಿಮಾ ಹಾಕುತ್ತಿದ್ದರು. ನಮ್ಮ ಮನೆ ಮಡಿಕೇರಿಯಿಂದ ಮಾದಾಪುರ ಕಡೆ ಹೋಗುವ ದಾರಿಯಲ್ಲಿದೆ. ಟಿವಿ ಇದ್ದದ್ದು ಪಕ್ಕದ ತೋಟದ ರೈಟರ್, ಅಂದರೆ ಲೆಕ್ಕ ಬರೆಯುವವರ ಮನೆಯಲ್ಲಿ. ಆಂಟೆನಾವನ್ನು ಸಿಲ್ವರ್ ಮರಕ್ಕೆ ಕಟ್ಟಿದ್ದರು. ಗಾಳಿ ಬಂದರೆ ಚಿತ್ರ ಹೋಗುತ್ತಿತ್ತು. ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು, ಕಣದಲ್ಲಿ ಕಾಫಿ ಹರವಿ ಬಂದ ಹೆಂಗಸರು, ನಾವು, ಎಲ್ಲ ಒಂದೇ ಚಾಪೆಯ ಮೇಲೆ. ಬಂಗಾಳಿ ಸಿನಿಮಾ ಬಂದರೂ ನೋಡುತ್ತಿದ್ದೆವು. ಭಾಷೆ ಗೊತ್ತಿಲ್ಲ, ಆದರೆ ಮನೆ ಸೋರುವುದು, ಅಮ್ಮ ಪಾತ್ರೆ ಇಡುವುದು ಎಲ್ಲ ಗೊತ್ತಾಗುತ್ತಿತ್ತು. ನಿಧಾನ ಅಂತ ಅಲ್ಲಿ ಯಾರೂ ಎದ್ದು ಹೋದದ್ದು ನನಗೆ ನೆನಪಿಲ್ಲ.

ರಾಷ್ಟ್ರ ಪ್ರಶಸ್ತಿಯಲ್ಲಿ ದೊಡ್ಡದು ಅತ್ಯುತ್ತಮ ಚಿತ್ರದ ಸ್ವರ್ಣಕಮಲ. ಇಡೀ ದೇಶಕ್ಕೆ ಆ ವರ್ಷದ ಅತ್ಯುತ್ತಮ ಸಿನಿಮಾ ಅಂತ ಕೊಡುವುದು. ಅದನ್ನು ಪಡೆದ ಕನ್ನಡ ಸಿನಿಮಾಗಳು ಆರು. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’. ಆರರಲ್ಲಿ ನಾಲ್ಕು ಗಿರೀಶ ಕಾಸರವಳ್ಳಿ ಅವರದು. ಈ ಪಟ್ಟಿಯನ್ನು ಇನ್ನೊಂದು ಸಲ ನೋಡಿ. ಬಹುಪಾಲು ಮಲೆನಾಡಿನ ಕಥೆ, ಕರಾವಳಿಯ ಕಥೆ. ಕಾಡು, ಗುಡ್ಡ, ಗದ್ದೆ, ಜಡಿಮಳೆ. ಅಂದರೆ ನಮ್ಮ ಹಾಗೆ ಬದುಕುವವರ ಕಥೆ. ಇವು ನಮಗೆ ಅರ್ಥವಾಗುವುದಿಲ್ಲ ಅಂತ ನಮಗೇ ಯಾರು ಹೇಳಿಕೊಟ್ಟರು? ಇವನ್ನು ನಮ್ಮಷ್ಟು ಚೆನ್ನಾಗಿ ನೋಡಬಲ್ಲವರು ಇನ್ನೊಬ್ಬರಿಲ್ಲ. ಇದು ನನ್ನ ಗಟ್ಟಿ ನಂಬಿಕೆ.

‘ದ್ವೀಪ’ದ ಬಗ್ಗೆಯೇ ಹೇಳುತ್ತೇನೆ. ನಾ. ಡಿಸೋಜ ಅವರ ಕಾದಂಬರಿಯಿಂದ ಮಾಡಿದ್ದು. 2001ರ ಸಾಲಿನ ಸ್ವರ್ಣಕಮಲ ಅದಕ್ಕೆ ಬಂತು. ನಿರ್ಮಾಪಕಿ ಸೌಂದರ್ಯ. ನಾಗಿಯ ಪಾತ್ರ ಮಾಡಿದ್ದೂ ಅವರೇ. ಅಣೆಕಟ್ಟಿನ ಹಿನ್ನೀರು ಏರುತ್ತಿದೆ. ಊರಿನವರು ಒಬ್ಬೊಬ್ಬರಾಗಿ ಗಂಟು ಕಟ್ಟಿಕೊಂಡು ಹೊರಡುತ್ತಾರೆ. ಗುಡ್ಡದ ದೇವರ ಪೂಜೆ ನಂಬಿಕೊಂಡ ಒಂದು ಮನೆ ಮಾತ್ರ ಉಳಿಯುತ್ತದೆ. ಗಣಪ, ಅವನ ಹೆಂಡತಿ ನಾಗಿ, ಅಪ್ಪ ದುಗ್ಗಜ್ಜ. ಮುದುಕನಿಗೆ ಜಾಗ ಬಿಟ್ಟು ಹೋಗುವ ಮನಸ್ಸೇ ಇಲ್ಲ.

ಮೊದಲ ಸಲ ನೋಡಿದಾಗ ನನಗೆ ಇಷ್ಟವಾಯಿತು, ಅಷ್ಟೇ. ಛಾಯಾಗ್ರಹಣ ಚೆನ್ನಾಗಿದೆ ಅನಿಸಿತು. ಎಚ್.ಎಂ. ರಾಮಚಂದ್ರ ಅವರ ಕ್ಯಾಮೆರಾ ಕೆಲಸಕ್ಕೂ ರಾಷ್ಟ್ರ ಪ್ರಶಸ್ತಿ ಬಂದಿತ್ತು. ಬಿಸಿಲೇ ಇಲ್ಲದ ಆ ಬೂದು ಬೆಳಕು ನಮ್ಮ ಜುಲೈ ತಿಂಗಳ ಬೆಳಕೇ.

ಆಮೇಲೆ 2018ರ ಆಗಸ್ಟ್ ಬಂತು. ಮಳೆಗೆ ಗುಡ್ಡಗಳೇ ಕುಸಿದವು. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಅಂದರೆ ಈಗ ಕೊಡಗಿನಲ್ಲಿ ಯಾರಿಗೂ ವಿವರಿಸಬೇಕಿಲ್ಲ. ನಮ್ಮ ಮನೆ ಉಳಿಯಿತು. ಮೇಲಿನ ಎರಡು ಮನೆ ಉಳಿಯಲಿಲ್ಲ. ರಸ್ತೆ ಹೋಯಿತು, ಕರೆಂಟ್ ಹೋಯಿತು. ನಾವು ಕುಶಾಲನಗರದ ನೆಂಟರ ಮನೆಯಲ್ಲಿ ಇದ್ದೆವು. ಅಪ್ಪ ಮಾತ್ರ ಹೊರಡಲು ಒಪ್ಪಲಿಲ್ಲ. ದನ ಯಾರು ನೋಡುತ್ತಾರೆ ಅಂದರು. ಬೇಡಿಕೊಂಡು, ಜಗಳ ಮಾಡಿ, ಕೊನೆಗೆ ಕೈ ಹಿಡಿದು ಎಳೆದುಕೊಂಡೇ ಬಂದೆವು.

ಮುಂದಿನ ವರ್ಷ ಮಳೆಗಾಲದಲ್ಲಿ ಒಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ‘ದ್ವೀಪ’ ಹಾಕಿದೆ. ಅಮ್ಮ ಪಕ್ಕದಲ್ಲಿ ಕೂತರು. ದುಗ್ಗಜ್ಜ ಬರುವಾಗ ಅಪ್ಪ ಎದ್ದು ಒಳಗೆ ಹೋದರು. ಯಾಕೆ ಅಂತ ನಾವು ಕೇಳಲಿಲ್ಲ. ನೀರು ಏರುತ್ತಾ ಬಂದಿತು. ನಾಗಿ ಕತ್ತಲಲ್ಲಿ ಒಬ್ಬಳೇ ಓಡಾಡುತ್ತಿದ್ದಾಳೆ, ಮನೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾಳೆ. ಅಮ್ಮ “ಒಂದು ನಿಮಿಷ ನಿಲ್ಲಿಸು” ಅಂದರು. ಟಾರ್ಚ್ ತೆಗೆದುಕೊಂಡು ಹಿತ್ತಲಿಗೆ ಹೋದರು. ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಣ್ಣೆ, ನೋಡಿ ಬಂದರು. ಬರೆಯಲ್ಲಿ ಹೊಸ ಬಿರುಕು ಇದೆಯಾ, ನೀರಿನ ಬಣ್ಣ ಬದಲಾಗಿದೆಯಾ ಅಂತ. 2018ರಿಂದ ಮಳೆಗಾಲದಲ್ಲಿ ಪ್ರತಿ ರಾತ್ರಿ ಅವರದು ಇದೇ ಕೆಲಸ. ಬಂದು ಕೂತು “ಹಾಕು” ಅಂದರು.

ಕೊನೆಯಲ್ಲಿ ಮಳೆ ನಿಲ್ಲುತ್ತದೆ. ಬದುಕಿ ಉಳಿದದ್ದಕ್ಕೆ ಗಣಪ ದೇವರನ್ನು ನೆನೆಯುತ್ತಾನೆ. ನಾಗಿ ಪಟ್ಟ ಪಾಡು ಅವನ ಲೆಕ್ಕಕ್ಕೇ ಬರುವುದಿಲ್ಲ. ಆಗ ಸೌಂದರ್ಯ ಅವರ ಮುಖ ನೋಡಬೇಕು. ಅಮ್ಮ ತುಂಬಾ ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ “ರಾತ್ರಿಯೆಲ್ಲ ಎದ್ದಿದ್ದವಳು ಅವಳಲ್ವಾ” ಅಂದರು. ಅಷ್ಟೇ. ಈ ಸಿನಿಮಾದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಸರಿಯಾಗಿ ಹೇಳಿಲ್ಲ. ಇದನ್ನು ನಿಧಾನ ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ನೀರು ಏರುವುದು ನಿಧಾನವಾಗಿಯೇ. ಕಾಯುವವರಿಗೆ ಅದರ ಒಂದೊಂದು ಇಂಚೂ ಗೊತ್ತಾಗುತ್ತದೆ.

ದುಗ್ಗಜ್ಜನ ಪಾತ್ರ ಮಾಡಿದವರು ಎಂ.ವಿ. ವಾಸುದೇವ ರಾವ್. 1975ರ ‘ಚೋಮನ ದುಡಿ’ಯ ಚೋಮ ಇವರೇ. ಆ ಪಾತ್ರಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಸಿಕ್ಕಿತ್ತು. ಒಂದು ತುಂಡು ಭೂಮಿ ಬೇಕು ಅಂತ ಹಂಬಲಿಸಿ ಸಿಗದೇ ಹೋದ ಚೋಮ. ಇಪ್ಪತ್ತೈದು ವರ್ಷ ದಾಟಿದ ಮೇಲೆ ಇದ್ದ ಜಾಗ ಬಿಡಲಾರದ ದುಗ್ಗಜ್ಜ. ಎರಡೂ ಒಬ್ಬರದೇ ಮುಖ. ಎರಡು ಸಿನಿಮಾವನ್ನೂ ಒಂದೇ ವಾರದಲ್ಲಿ ನೋಡಿ.

‘ತಬರನ ಕಥೆ’ ನನ್ನ ಪಟ್ಟಿಯಲ್ಲಿರುವುದಕ್ಕೆ ಕಾರಣ ಬೇರೆ. ಪೂರ್ಣಚಂದ್ರ ತೇಜಸ್ವಿ ಅವರ ಕಥೆ. ಅವರೂ ಮೂಡಿಗೆರೆಯಲ್ಲಿ ಕಾಫಿ ಬೆಳೆದವರು. ತಬರ ನಿವೃತ್ತನಾದ ಸಣ್ಣ ಸರ್ಕಾರಿ ನೌಕರ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲು ಕೊಳೆಯುತ್ತಿದೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ಚಾರುಹಾಸನ್ ಆ ಪಾತ್ರ ಮಾಡಿ ರಾಷ್ಟ್ರ ಪ್ರಶಸ್ತಿ ಪಡೆದರು. ಕಾಗದ ಹಿಡಿದು ನಿಲ್ಲುವ ಅವರ ನಿಲುವನ್ನು ನಾನು ಆಮೇಲೆ ಮನೆಯಲ್ಲೇ ಕಂಡೆ. ಕುಸಿದ ತೋಟದ ಪರಿಹಾರಕ್ಕೆ ಅಪ್ಪ ಒಂದು ಕಚೇರಿಗೆ ಹನ್ನೊಂದು ಸಲ ಹೋದರು. ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಟಿಸಿ, ಆಧಾರ್, ಫೋಟೋ. ನಾಳೆ ಬನ್ನಿ, ಸೋಮವಾರ ಬನ್ನಿ. ಕವರನ್ನು ಎದೆಗೆ ಒತ್ತಿಕೊಂಡು ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು.

ಇಷ್ಟು ಹೇಳಿದ ಮೇಲೆ ‘ಮುಂಗಾರು ಮಳೆ’ ಇಷ್ಟ ಇಲ್ಲವಾ ಅಂತ ಕೇಳಬೇಡಿ. ಇಷ್ಟ. ತುಂಬಾ ಇಷ್ಟ. ಮಡಿಕೇರಿಯ ಹುಡುಗಿ, ನಿವೃತ್ತ ಕರ್ನಲ್ ಆಗಿ ಅನಂತನಾಗ್, ಆ ಮೊಲ ದೇವದಾಸ. ಆ ಸಿನಿಮಾ ಬಂದ ಮೇಲೆ ನಮ್ಮ ಮಳೆ ಚಂದ ಅಂತ ಊರಿಗೆಲ್ಲ ಗೊತ್ತಾಯಿತು. ಅದು ಪ್ರೀತಿಸುವವರು ನೆನೆಯುವ ಮಳೆ. ‘ದ್ವೀಪ’ದ್ದು ಮನೆ ಕಾಯುವವರ ಮಳೆ. ಕೊಡಗಿನವರಿಗೆ ಎರಡೂ ಗೊತ್ತು.

‘ಶರಪಂಜರ’ವನ್ನು ಬಿಡುವ ಹಾಗೇ ಇಲ್ಲ. ‘ಕೊಡಗಿನ ಕಾವೇರಿ’ ಹಾಡು ನಮ್ಮ ಕಡೆ ಮದುವೆ ಆರ್ಕೆಸ್ಟ್ರಾದಲ್ಲಿ ಈಗಲೂ ಬೇಕೇ ಬೇಕು. ಆದರೆ ಆ ಕಾವೇರಿಗೆ ಮುಂದೆ ಏನಾಯಿತು ಅನ್ನುವುದನ್ನು ಯಾರೂ ಮಾತಾಡುವುದಿಲ್ಲ. ಹೆರಿಗೆಯ ನಂತರ ಅವಳ ಮನಸ್ಸು ಕೆಡುತ್ತದೆ. ವಾಸಿಯಾಗಿ ಮನೆಗೆ ಬರುತ್ತಾಳೆ. ವಾಸಿಯಾಗಿದ್ದಾಳೆ ಅಂತ ನಂಬಲು ಮನೆಯವರೇ ತಯಾರಿಲ್ಲ. ಕಲ್ಪನಾ ಅದನ್ನು ಅಭಿನಯಿಸಿದ ರೀತಿ ನೋಡಿದರೆ ಇಂದಿಗೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಪುಟ್ಟಣ್ಣ ಅವರ ಈ ಸಿನಿಮಾಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು, ಟಾಕೀಸಿಗೆ ಜನರೂ ಬಂದರು. ಅವಾರ್ಡ್ ಪಿಕ್ಚರ್ ಬೇರೆ, ಜನರ ಪಿಕ್ಚರ್ ಬೇರೆ ಅನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಇನ್ನೊಂದು, ‘ಬೆಟ್ಟದ ಹೂವು’. 1985. ಪುನೀತ್ ಅವರಿಗೆ ಬಾಲನಟ ಅಂತ ರಾಷ್ಟ್ರ ಪ್ರಶಸ್ತಿ ಬಂದದ್ದು ಇದಕ್ಕೇ. ಕಾಡಿನಿಂದ ಹೂವು ತಂದು ಮಾರಿ, ಪುಸ್ತಕ ಕೊಳ್ಳಲು ದುಡ್ಡು ಕೂಡಿಡುವ ಹುಡುಗ. ಕೊನೆಗೆ ಪುಸ್ತಕವೋ ಮನೆಯೋ ಅಂತ ಅವನೇ ನಿರ್ಧರಿಸಬೇಕು. ನಮ್ಮಲ್ಲಿ ಮಳೆ ಶುರುವಾಗುವಾಗ ಮರದ ಕೊಂಬೆಯಲ್ಲಿ ಸೀತಾಳೆ ಹೂವು ಇಳಿಬೀಳುತ್ತದಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಆ ಹುಡುಗನ ಮುಖ ನೆನಪಾಗುತ್ತದೆ. 2021ರಿಂದ ಈಚೆಗೆ ಆ ಸಿನಿಮಾವನ್ನು ಪೂರ್ತಿ ನೋಡಲು ನನಗೆ ಆಗಿಲ್ಲ.

ಇಷ್ಟು ದಿನ ಬೇರೆ ಕಡೆಯ ಮಲೆನಾಡಿನಲ್ಲಿ ನಮ್ಮನ್ನು ಹುಡುಕಿಕೊಂಡಿದ್ದೇವೆ. ಈಗ ಕೊಡಗಿನವರದೇ ಒಂದು ಸಿನಿಮಾ ಆ ಸಾಲಿಗೆ ಸೇರಿದೆ. 2025ರ ಆಗಸ್ಟ್ 1ರಂದು 71ನೇ ರಾಷ್ಟ್ರ ಪ್ರಶಸ್ತಿ ಪ್ರಕಟವಾದಾಗ ಅತ್ಯುತ್ತಮ ಕನ್ನಡ ಚಿತ್ರ ಅಂತ ಬಂದ ಹೆಸರು ‘ಕಂದೀಲು’. ನಿರ್ದೇಶಕಿ ನಮ್ಮ ಜಿಲ್ಲೆಯ ಯಶೋದಾ ಪ್ರಕಾಶ್ ಕೊಟ್ಟುಕತ್ತಿರ. ಆ ಸುದ್ದಿ ಓದಿದ ದಿನ ನನಗೆ ಆದ ಖುಷಿ ಹೇಳಲಾರೆ. ಇದನ್ನು ನಾನು ಫೋನಿನಲ್ಲಿ ಒಬ್ಬನೇ ಕೂತು ನೋಡಲು ಇಷ್ಟಪಡುವುದಿಲ್ಲ. ನಮ್ಮೂರಿನ ಸಮುದಾಯ ಭವನದಲ್ಲಿ ಬಿಳಿ ಪಂಚೆಯನ್ನು ಪರದೆಯಾಗಿ ಕಟ್ಟಿ, ಪ್ರೊಜೆಕ್ಟರ್ ಇಟ್ಟು ನೋಡಬೇಕು. ಲೈನ್ ಮನೆಯವರು, ತೋಟದವರು, ಶಾಲೆ ಮಕ್ಕಳು, ಎಲ್ಲ ಒಂದೇ ಚಾಪೆಯ ಮೇಲೆ. ಮಳೆಗಾಲದಲ್ಲೇ ಮಾಡಬೇಕು, ಆಗಲೇ ಜನರಿಗೆ ಬಿಡುವು. ಸಿನಿಮಾದವರಿಂದ ಒಪ್ಪಿಗೆ ಕೇಳಿ ಪತ್ರ ಬರೆದಿಟ್ಟಿದ್ದೇನೆ, ಈ ವಾರ ಕಳಿಸುತ್ತೇನೆ. ನಿಮ್ಮ ಊರಿನಲ್ಲೂ ಜಾಗ ಇದ್ದರೆ ಹೇಳಿ, ಪ್ರೊಜೆಕ್ಟರ್ ನಾನು ತರುತ್ತೇನೆ.

ಅಮ್ಮನಿಗೆ ಆಗಲೇ ಹೇಳಿದ್ದೇನೆ. ಬರುತ್ತಾರಂತೆ. ಮನೆ ಹಿಂದಿನ ಬರೆ ನೋಡಿಕೊಳ್ಳಲು ಆ ರಾತ್ರಿ ಅಪ್ಪ ಉಳಿಯುತ್ತಾರೆ.