ಮರಾದಿಯ ಹೊಲಗಳಲ್ಲಿ ಕೂಳೆ ಒಡೆದ ಮರಗಳು

ಕೇಳುಗರಿಗೆ ನಮಸ್ಕಾರ.

ಪಶ್ಚಿಮ ಆಫ್ರಿಕಾದ ನೈಜರ್ ದೇಶದ ದಕ್ಷಿಣದಲ್ಲಿ, ಸಹಾರಾ ಮರುಭೂಮಿಯ ಅಂಚಿಗೆ, ಮರಾದಿ ಎಂಬ ಪ್ರದೇಶವಿದೆ. ಅಲ್ಲಿನ ಸಣ್ಣ ರೈತರ ಮುಖ್ಯ ಬೆಳೆ ಸಜ್ಜೆ. 1980ರ ಹೊತ್ತಿಗೆ ಆ ಹೊಲಗಳಲ್ಲಿ ಮರಗಳೇ ಅಪರೂಪವಾಗಿದ್ದವು. ತಡೆಯಿಲ್ಲದೆ ಬೀಸುವ ಗಾಳಿ ಆಗತಾನೇ ಮೊಳೆತ ಪೈರನ್ನು ಮರಳಿನಲ್ಲಿ ಹೂತುಬಿಡುತ್ತಿದ್ದುದರಿಂದ, ಒಂದೇ ಮುಂಗಾರಿನಲ್ಲಿ ಎರಡು ಮೂರು ಸಲ ಬಿತ್ತಬೇಕಾಗುತ್ತಿತ್ತು. ನರ್ಸರಿಯಿಂದ ತಂದು ನೆಟ್ಟ ಸಸಿಗಳಲ್ಲಿ ಹೆಚ್ಚಿನವು ಒಣಗಿ ಹೋಗುತ್ತಿದ್ದವು.

ಅಲ್ಲಿ ಸಸಿ ನೆಡುವ ಕೆಲಸದಲ್ಲಿ ಸೋತು ಹೋಗಿದ್ದ ಆಸ್ಟ್ರೇಲಿಯಾದ ಕೃಷಿ ತಜ್ಞ ಟೋನಿ ರಿನಾಡೊ, 1983ರಲ್ಲಿ ಒಂದು ದಿನ ಮರಳು ದಾರಿಯಲ್ಲಿ ಗಾಡಿಯ ಚಕ್ರದ ಗಾಳಿ ಇಳಿಸಲು ನಿಂತಾಗ, ಪಕ್ಕದ ಪೊದೆಯೊಂದರ ಎಲೆಯನ್ನು ಹತ್ತಿರದಿಂದ ನೋಡಿದರು. ಅದು ಪೊದೆಯಾಗಿರಲಿಲ್ಲ, ಕಡಿದ ಮರದ ಬೊಡ್ಡೆಯಿಂದ ಮತ್ತೆ ಎದ್ದ ಚಿಗುರಾಗಿತ್ತು. ಕಬ್ಬು ಕಡಿದ ಮೇಲೆ ಕೂಳೆ ಒಡೆಯುವುದನ್ನು ಕಂಡ ನಮ್ಮ ರೈತರಿಗೆ ಇದು ಬೇಗ ಅರ್ಥವಾದೀತು. ಬೇರು ಸತ್ತಿರಲಿಲ್ಲ. ಪ್ರತಿ ವರ್ಷ ಹೊಲ ಹಸನು ಮಾಡುವಾಗ ರೈತರು ಆ ಚಿಗುರನ್ನು ಕಡಿಯುತ್ತಿದ್ದರು, ಉಳಿದದ್ದನ್ನು ಮೇಕೆಗಳು ಮೇಯುತ್ತಿದ್ದವು.

ಮಾಡಬೇಕಾದ ಕೆಲಸ ಸರಳ. ಬೊಡ್ಡೆಯಿಂದೆದ್ದ ಹತ್ತಾರು ಕುಡಿಗಳಲ್ಲಿ ನೆಟ್ಟಗೆ ಬೆಳೆದ ನಾಲ್ಕೈದನ್ನು ಉಳಿಸಿಕೊಂಡು, ಮಿಕ್ಕವನ್ನು ಸವರಿ, ಉಳಿಸಿದ ಕುಡಿಗಳ ಕೆಳಗಿನ ಅರ್ಧದ ಕವಲುಗಳನ್ನು ತೊಗಟೆ ಸೀಳದಂತೆ ತೆಗೆಯಬೇಕು. ಕಷ್ಟವಿದ್ದದ್ದು ಬೇರೆಡೆ. ಫ್ರೆಂಚರ ಆಳ್ವಿಕೆಯಿಂದ ಬಂದ ಕಾನೂನಿನಂತೆ ಹೊಲದ ಮರವೂ ಸರ್ಕಾರದ್ದೇ ಆಗಿತ್ತು. ಕಡಿದರೆ ದಂಡ ಬೀಳುವ ಮರವನ್ನು ಯಾವ ರೈತ ತಾನೇ ಅಕ್ಕರೆಯಿಂದ ಬೆಳೆಸಿಯಾನು? ಅರಣ್ಯ ಅಧಿಕಾರಿಗಳು ಆ ಬಿಗಿಯನ್ನು ಸಡಿಲಿಸಿ, ಬೆಳೆಸಿದವರಿಗೇ ಮರದ ಫಲ ಸಿಗುವಂತೆ ಮಾಡಿದ್ದು, ನನ್ನ ದೃಷ್ಟಿಯಲ್ಲಿ, ಕುಡಿ ಸವರುವ ವಿದ್ಯೆಯಷ್ಟೇ ದೊಡ್ಡ ಹೆಜ್ಜೆ. ಮುಂದಿನ ಎರಡು ದಶಕಗಳಲ್ಲಿ ಈ ಪದ್ಧತಿ ರೈತರಿಂದ ರೈತರಿಗೆ ಹಬ್ಬಿ, ನೈಜರ್‌ನ ಸುಮಾರು 50 ಲಕ್ಷ ಹೆಕ್ಟೇರ್ ಹೊಲಗಳಲ್ಲಿ ಮರಗಳು ಮರಳಿದವು.

ಅವುಗಳಲ್ಲಿ ರೈತರಿಗೆ ಅಚ್ಚುಮೆಚ್ಚಿನದು ಗಾವೊ, ನಮ್ಮ ಜಾಲಿಯ ನೆಂಟ. ಮಳೆಗಾಲದಲ್ಲಿ ಅದು ಎಲೆ ಉದುರಿಸುವುದರಿಂದ ಸಜ್ಜೆಗೆ ಬಿಸಿಲು ತಪ್ಪುವುದಿಲ್ಲ. ಬೇಸಿಗೆಯಲ್ಲಿ ಹಸಿರಾಗಿ ನಿಂತು ದನಗಳಿಗೆ ನೆರಳನ್ನೂ ಕಾಯನ್ನೂ ಕೊಡುತ್ತದೆ. ಬೇರಿನ ಮೂಲಕ ಮಣ್ಣಿಗೆ ಸಾರಜನಕ ಸೇರುತ್ತದೆ.

ಸೌದೆಗಾಗಿ ಬಲು ದೂರ ನಡೆಯುತ್ತಿದ್ದ ಹೆಂಗಸರಿಗೆ ಈಗ ಸವರಿದ ಕವಲುಗಳು ಹೊಲದಲ್ಲೇ ಸಿಗುತ್ತವೆ. ಬೊಡ್ಡೆಯ ನಾಲ್ಕೈದು ಕಾಂಡಗಳಲ್ಲಿ ವರ್ಷಕ್ಕೊಂದನ್ನು ಕಡಿದು ಮನೆಗೆ ಬಳಸುತ್ತಾರೆ ಇಲ್ಲವೇ ಸಂತೆಗೆ ಒಯ್ಯುತ್ತಾರೆ. ಅದರ ಜಾಗಕ್ಕೆ ಹೊಸದೊಂದು ಕುಡಿಯನ್ನು ಬಿಟ್ಟುಕೊಳ್ಳುತ್ತಾರೆ.