ಎರಡು ಏಂಜೆಲ್ ಶಾರ್ಕ್‌ಗಳು, ಒಂದೇ ಲೆಕ್ಕ

ಕೇಳುಗರಿಗೆ ನಮಸ್ಕಾರ. ಬಲೆಗೆ ಬಿದ್ದದ್ದು ಯಾವ ಏಂಜೆಲ್ ಶಾರ್ಕ್ ಅಂತ ತಿಳಿಯಬೇಕಾದರೆ ಮೊದಲು ಮೂಗು ನೋಡಬೇಕು. ಮೆಡಿಟರೇನಿಯನ್ ಸಮುದ್ರದಲ್ಲಿ ಇವುಗಳ ಮೂರು ಜಾತಿ ಇವೆ. ಇವತ್ತು ಎರಡರ ಮಾತು: ಕಾಮನ್ ಏಂಜೆಲ್ ಶಾರ್ಕ್ ಮತ್ತು ಸಾಬ್ಯಾಕ್ ಏಂಜೆಲ್ ಶಾರ್ಕ್.

ಎರಡೂ ತೊರಕೆ ಮೀನಿನ ಹಾಗೆ ಚಪ್ಪಟೆ. ಮರಳಲ್ಲಿ ಮೈ ಹೂತುಕೊಂಡು, ಕಣ್ಣು ಮಾತ್ರ ಹೊರಗಿಟ್ಟು ಸುಮ್ನೆ ಬಿದ್ದಿರುತ್ತವೆ. ಮೀನೊಂದು ಹತ್ತಿರ ಬಂತೋ, ಥಟ್ಟನೆ ಎದ್ದು ಬಾಯಿಗೆ ಹಾಕಿಕೊಳ್ಳುತ್ತವೆ. ಹೀಗಿರುವಾಗ ಗುರುತು ಹಿಡಿಯುವುದು ಹೇಗೆ? ಸಾಬ್ಯಾಕ್‌ನ ಮೂಗಿನ ಮುಂದಿನ ಮೀಸೆಯಂಥ ಎಳೆಗಳು ಜಾಲರಿ ಕಟ್ಟಿದಂತೆ ಕವಲು ಕವಲಾಗಿವೆ. ಕಾಮನ್‌ನಲ್ಲಿ ಅವು ಸರಳ. ಸಾಬ್ಯಾಕ್‌ನ ಬೆನ್ನಿನ ನಡುವೆ ದೊಡ್ಡ ಮುಳ್ಳುಗಳ ಸಾಲೂ ಇದೆ, ಆದರೆ ಕಾಮನ್‌ನ ಮರಿಗಳಿಗೂ ಬೆನ್ನ ಮೇಲೆ ಸಣ್ಣ ಮುಳ್ಳು ಇರುವುದರಿಂದ ನಾನಂತೂ ಮೂಗನ್ನೇ ಜಾಸ್ತಿ ನಂಬುತ್ತೇನೆ.

ಕಾಮನ್ ದೊಡ್ಡದು, ಸುಮಾರು 2.4 ಮೀಟರ್ ತನಕ ಬೆಳೆಯುತ್ತದೆ. ಸಾಬ್ಯಾಕ್ 1.9 ಮೀಟರ್ ಹತ್ತಿರ. ಕಾಮನ್‌ಗೆ ತೀರದ ಆಳವಿಲ್ಲದ ನೀರು ಇಷ್ಟ. ಸಾಬ್ಯಾಕ್ 500 ಮೀಟರ್ ಆಳದವರೆಗೂ ಇಳಿಯುತ್ತದೆ, ಪಶ್ಚಿಮ ಆಫ್ರಿಕಾದ ಕರಾವಳಿಯಲ್ಲೂ ಇದೆ.

ಎರಡಕ್ಕೂ ಶತ್ರು ಒಂದೇ. ಸಮುದ್ರದ ತಳವನ್ನೇ ಗುಡಿಸಿಕೊಂಡು ಹೋಗುವ ಟ್ರಾಲ್ ಬಲೆ. ಮರಳಲ್ಲಿ ಅಡಗಿ ಕೂರುವುದೇ ಇವುಗಳ ಬದುಕು, ಬಲೆ ಬಂದಾಗ ತಪ್ಪಿಸಿಕೊಳ್ಳುವ ದಾರಿ ಎಲ್ಲಿ? ಮೊಟ್ಟೆ ಹೊರಗಿಡದೆ ನೇರ ಮರಿ ಹಾಕುತ್ತವೆ, ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಹೊತ್ತು ಒಮ್ಮೆಗೆ ಹೆಚ್ಚೆಂದರೆ ಇಪ್ಪತ್ತೈದು ಮರಿಯಷ್ಟೇ, ಹಾಗಾಗಿ ಕಳಕೊಂಡದ್ದನ್ನು ತುಂಬಿಕೊಳ್ಳಲು ಬಹಳ ಕಾಲ ಬೇಕು. ಯುರೋಪಿನ ಉತ್ತರ ಸಮುದ್ರದಲ್ಲಿ (ನಾರ್ತ್ ಸೀ) ಒಂದು ಕಾಲಕ್ಕೆ ಸಾಮಾನ್ಯವಾಗಿದ್ದ ಕಾಮನ್ ಅಲ್ಲಿಂದ ಕಾಣೆಯಾಗಿದೆ. ಈಗ ಅದರ ದೊಡ್ಡ ನೆಲೆ ಆಫ್ರಿಕಾದ ವಾಯುವ್ಯ ತೀರದಾಚೆ ಇರುವ ಸ್ಪೇನ್‌ನ ಕೆನರಿ ದ್ವೀಪಗಳು. ಅಲ್ಲಿನ ಟೆನೆರೀಫ್‌ನ ತೆರೆಸಿಟಾಸ್ ಕಡಲತೀರದಲ್ಲಿ, ಜನ ಈಜುವ ಜಾಗದ ಪಕ್ಕದಲ್ಲೇ, ಮರಿಗಳು ಬೆಳೆಯುತ್ತವೆ. ಇದು ನನಗೆ ತುಂಬಾ ಖುಷಿ ಕೊಡುವ ಸಂಗತಿ.

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಎರಡೂ ಅಳಿವಿನ ಅತಿ ಅಂಚಿನಲ್ಲಿರುವವು. 2017ರಲ್ಲಿ ವಲಸೆ ಜೀವಿಗಳ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಕಾಮನ್ ಸೇರಿತು. ಸಾಬ್ಯಾಕ್‌ನ ಹೆಸರು ಅಷ್ಟಾಗಿ ಕೇಳಿಬರುವುದೇ ಇಲ್ಲ, ಅದು ನನಗೆ ನೋವಿನ ವಿಷಯ. ಹಿಡಿದ ಮೀನಿನ ಲೆಕ್ಕದಲ್ಲಿ ಎಷ್ಟೋ ಸಲ ಬರೀ ಏಂಜೆಲ್ ಶಾರ್ಕ್ ಅಂತ ಬರೆದುಬಿಡುತ್ತಾರೆ. ಹಾಗೆ ಬರೆದರೆ ಯಾವುದು ಎಷ್ಟು ಕಡಿಮೆಯಾಯಿತು ಅನ್ನುವುದು ಗೊತ್ತೇ ಆಗುವುದಿಲ್ಲ. ಎರಡನ್ನೂ ಬೇರೆ ಬೇರೆ ಎಣಿಸಿ ಅನ್ನುವುದೇ ನನ್ನ ಒತ್ತಾಯ. ನಮಸ್ಕಾರ.