ಹಾಸನದ ಮನೆಗೆ ಸ್ಮಾರ್ಟ್ ಚಾರ್ಜರ್ ಬೇಕಾ?

ಎಲ್ಲರಿಗೂ ನಮಸ್ಕಾರ. ಹಾಸನದವರ ಜೊತೆಗೆ ಬೇಲೂರು, ಆಲೂರು, ಸಕಲೇಶಪುರದಿಂದಲೂ ಬಂದಿದ್ದೀರಿ, ತುಂಬಾ ಸಂತೋಷ. ಎಲೆಕ್ಟ್ರಿಕ್ ಕಾರು ತಗೊಂಡವರೂ ತಗೊಳ್ಳಬೇಕು ಅಂತಿರುವವರೂ ಕೇಳುವ ಪ್ರಶ್ನೆ ಒಂದಿದೆ. ಗೋಡೆಗೆ ಹಾಕುವ ಸ್ಮಾರ್ಟ್ ಚಾರ್ಜರ್‌ನಿಂದ ದುಡ್ಡು ಉಳಿಯುತ್ತದಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ, ಈಗಿನ ಕರೆಂಟ್ ದರದಲ್ಲಿ, ಉಳಿಯುವುದಿಲ್ಲ. ಉಳಿಯುವ ಮನೆಗಳೂ ಇವೆ. ಆದರೆ ಅಲ್ಲಿ ಉಳಿಯುವ ಕಾರಣವೇ ಬೇರೆ.

ಈ ಪೆಟ್ಟಿಗೆ ಏನು ಮಾಡುತ್ತದೆ ನೋಡೋಣ. ನಾವು ಅದನ್ನು ಚಾರ್ಜರ್ ಅಂತ ಕರೆದರೂ ನಿಜವಾದ ಚಾರ್ಜರ್ ಕಾರಿನೊಳಗೇ ಇರುತ್ತದೆ. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ಅದೇ. ಗೋಡೆಯ ಪೆಟ್ಟಿಗೆ ಕಾರಿಗೆ ಒಂದು ಸಣ್ಣ ಸಂಕೇತ ಕಳಿಸುತ್ತದೆ, ‘ಇಷ್ಟು ಆಂಪಿಯರ್ ಎಳೆದುಕೋ, ಅದಕ್ಕಿಂತ ಜಾಸ್ತಿ ಬೇಡ’ ಅಂತ. ಸ್ಮಾರ್ಟ್ ಆದರೆ ಆ ಸಂಖ್ಯೆಯನ್ನು ಹೊತ್ತು ನೋಡಿ, ಮನೆಯ ಲೋಡ್ ನೋಡಿ ಬದಲಾಯಿಸುತ್ತದೆ. ಯೂನಿಟ್ ಲೆಕ್ಕ ಮೊಬೈಲ್‌ಗೆ ಕಳಿಸುತ್ತದೆ.

ಉಳಿತಾಯದ ಮಾತು ಹೆಚ್ಚಾಗಿ ಬಂದಿರುವುದು ಇಂಗ್ಲೆಂಡಿನಂಥ ಕಡೆಯಿಂದ. ಅಲ್ಲಿ ಕಾರು ಇಟ್ಟವರಿಗೆಂದೇ ಇರುವ ಕೆಲವು ಯೋಜನೆಗಳಲ್ಲಿ ನಡುರಾತ್ರಿಯ ದರ ಹಗಲಿನ ಮೂರನೇ ಒಂದು ಭಾಗ. 2022ರ ಜೂನ್ 30ರಿಂದ ಅಲ್ಲಿ ಮಾರುವ ಹೊಸ ಹೋಮ್ ಚಾರ್ಜರ್‌ಗಳು ಸ್ಮಾರ್ಟ್ ಆಗಿರಲೇಬೇಕು ಅಂತ ಕಾನೂನೇ ಇದೆ. ಅಲ್ಲಿನವರಿಗೆ ಲಾಭ ಖಂಡಿತ ಇದೆ, ಸುಳ್ಳಲ್ಲ.

ನಮ್ಮಲ್ಲಿ? ಕರೆಂಟ್ ಕೊಡುವ ಕಂಪನಿ ಹಾಸನಕ್ಕೆ ಸೆಸ್ಕ್, ಪಕ್ಕದ ಚಿಕ್ಕಮಗಳೂರಿಗೆ ಮೆಸ್ಕಾಂ. ದರ ನಿಗದಿ ಮಾಡುವುದು ಕೆಇಆರ್‌ಸಿ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ. 2025-26ರಲ್ಲಿ ಮನೆಗೆ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಇತ್ತು. ಅದರ ಮೇಲೆ ಪಿಂಚಣಿ ಮತ್ತು ಗ್ರಾಚ್ಯುಟಿ ಸರ್ಚಾರ್ಜ್ 36 ಪೈಸೆ, ಶೇ 9ರಷ್ಟು ತೆರಿಗೆ. ಸುಮಾರು 6 ರೂಪಾಯಿ 70 ಪೈಸೆ ಅಂತ ಇಟ್ಟುಕೊಳ್ಳಿ. ಇದು ಮಧ್ಯಾಹ್ನಕ್ಕೂ ಅಷ್ಟೇ, ರಾತ್ರಿ ಎರಡು ಗಂಟೆಗೂ ಅಷ್ಟೇ. ಹೊತ್ತಿಗೊಂದು ದರ ಇಲ್ಲದ ಮೇಲೆ ಹೊತ್ತು ನೋಡಿ ಚಾರ್ಜ್ ಮಾಡಿ ಏನು ಬಂತು?

ಮುಂದೆ ಬದಲಾಗಬಹುದು, ಅದನ್ನೂ ಲೆಕ್ಕಕ್ಕೆ ತಗೊಳ್ಳೋಣ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಗ್ರಾಹಕರ ಹಕ್ಕುಗಳ ನಿಯಮ ತಿದ್ದುಪಡಿ ಮಾಡಿತು. ಹೊತ್ತಿನ ದರ ಬಂದರೆ ಬಿಸಿಲಿನ ಹೊತ್ತಿನಲ್ಲಿ ಕನಿಷ್ಠ ಶೇ 20 ಕಡಿಮೆ ಇರಬೇಕು, ಜಾಸ್ತಿ ಬೇಡಿಕೆಯ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ 10 ಜಾಸ್ತಿ ಇರಬೇಕು ಅಂತ ಅದರಲ್ಲಿದೆ. ಗಮನಿಸಿ, ಇದು ಇಂಗ್ಲೆಂಡಿಗೆ ತಿರುಗಾಮುರುಗ. ನಮ್ಮಲ್ಲಿ ಅಗ್ಗವಾಗುವುದು ಹಗಲು. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಸಣ್ಣ ಕಾರಿಗೆ, ಚಾರ್ಜಿಂಗ್‌ನಲ್ಲಿ ಪೋಲಾಗುವುದೂ ಸೇರಿ, ಸುಮಾರು 150 ಯೂನಿಟ್ ಬೇಕು. ಪೂರ್ತಿ ಹಗಲಲ್ಲೇ ತುಂಬಿಸಿದರೂ ಶೇ 20 ಅಂದರೆ ತಿಂಗಳಿಗೆ 174 ರೂಪಾಯಿ. ಪೆಟ್ಟಿಗೆಗೆ 30 ಸಾವಿರ ಕೊಟ್ಟರೆ ಅದು ವಾಪಸ್ ಬರಲು 14 ವರ್ಷ! ಹಗಲಲ್ಲಿ ಕಾರು ಆಫೀಸಿನ ಮುಂದೆ ನಿಂತಿರುವವರಿಗೆ ಅದೂ ಇಲ್ಲ. ಇನ್ನು ಟೈಮರ್ ಅಂದರೆ, ಎಷ್ಟೋ ಕಾರುಗಳಲ್ಲೇ ಇದೆ.

ದೊಡ್ಡ ಉಳಿತಾಯ ಆಗಲೇ ಆಗಿಬಿಟ್ಟಿರುತ್ತದೆ. 1,000 ಕಿಲೋಮೀಟರಿಗೆ ಕರೆಂಟ್ ಸುಮಾರು ಸಾವಿರ ರೂಪಾಯಿ. ಪೆಟ್ರೋಲ್ ಕಾರು ಲೀಟರಿಗೆ 15 ಕೊಟ್ಟರೂ ಆರೂವರೆ ಸಾವಿರ ದಾಟುತ್ತದೆ. ಹೊರಗಿನ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ ಮನೆಯ ದರದ ಎರಡು ಮೂರು ಪಟ್ಟು ಕೊಡಬೇಕು. ಮನೆಯಲ್ಲಿ ಚಾರ್ಜ್ ಮಾಡಿದರೆ ಸಾಕು, ಈ ಲಾಭ ನಿಮ್ಮದೇ. ಅದಕ್ಕೆ ಸ್ಮಾರ್ಟ್ ಪೆಟ್ಟಿಗೆಯ ಹಂಗಿಲ್ಲ.

ಈಗ ಯಾರೂ ಹೇಳದ ಒಂದು ಲೆಕ್ಕ. ಇಲ್ಲಿರುವ ಬಹಳ ಮನೆಗಳಿಗೆ ಗೃಹಜ್ಯೋತಿ ಇದೆ, ಅಲ್ವಾ? ಸಾಮಾನ್ಯವಾಗಿ 2022-23ರ ಸರಾಸರಿಗೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ. ಅದಕ್ಕಿಂತ ಜಾಸ್ತಿಯಾಗಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಸರಾಸರಿ 90 ಯೂನಿಟ್ ಅನ್ನಿ, ಉಚಿತ 99. ಕಾರು ಬಂದ ಮೇಲೆ ಒಂದು ತಿಂಗಳು 195 ಯೂನಿಟ್ ಆಯಿತು. 96 ಯೂನಿಟ್‌ಗೆ ಸುಮಾರು 640 ರೂಪಾಯಿ. ಅದೇ 205 ಆದರೆ? ಪೂರ್ತಿ 205ಕ್ಕೂ 1,370 ರೂಪಾಯಿ, ಜೊತೆಗೆ ಮನೆಗೆ ಮಂಜೂರಾದ ಲೋಡ್ 3 ಕಿಲೋವ್ಯಾಟ್ ಇದ್ದರೆ ನಿಗದಿತ ಶುಲ್ಕ 435. ಒಟ್ಟು 1,800ರ ಮೇಲೆ. ಬರೀ ಹತ್ತು ಯೂನಿಟ್ ಜಾಸ್ತಿಗೆ ಸಾವಿರಕ್ಕೂ ಮಿಕ್ಕಿ ಹೋಯಿತು. ಹೆಚ್ಚು ಓಡಿಸುವವರು ಹೇಗೂ 200 ದಾಟುತ್ತಾರೆ, ಅವರು ಕಾರಿನ ಖರ್ಚಿಗೆ ಇದನ್ನೂ ಸೇರಿಸಿಕೊಳ್ಳಬೇಕು. ಅಂಚಿನಲ್ಲಿರುವವರು ಮಾತ್ರ ಬಿಲ್ ಬರುವ ಮುಂಚಿನ ವಾರ ಮೀಟರ್ ನೋಡಲೇಬೇಕು. ಸ್ಮಾರ್ಟ್ ಚಾರ್ಜರ್ ಕಾರಿನ ಯೂನಿಟ್ ತೋರಿಸುತ್ತದೆ, ನಿಜ. ಆದರೆ ಬಿಲ್ ಬರುವುದು ಮನೆಯ ಮೀಟರ್ ಮೇಲೆ. ಅದನ್ನು ಓದಲು ದುಡ್ಡು ಬೇಡ.

ಇನ್ನು ಸ್ಯಾಂಕ್ಷನ್ ಲೋಡ್, ಅಂದರೆ ಮನೆಗೆ ಮಂಜೂರಾದ ಗರಿಷ್ಠ ಲೋಡ್. ನಿಜವಾದ ಉಳಿತಾಯ ಇರುವುದು ಇಲ್ಲಿ. 2025-26ರ ದರದಲ್ಲಿ ನಿಗದಿತ ಶುಲ್ಕ ಕಿಲೋವ್ಯಾಟಿಗೆ ತಿಂಗಳಿಗೆ 145 ರೂಪಾಯಿ. 7 ಕಿಲೋವ್ಯಾಟಿನ ಚಾರ್ಜರ್ ಹಾಕಿಸಿ ಲೋಡನ್ನು 3ರಿಂದ 8ಕ್ಕೆ ಏರಿಸಿದರೆ ತಿಂಗಳಿಗೆ 725, ವರ್ಷಕ್ಕೆ 8,700 ರೂಪಾಯಿ ಜಾಸ್ತಿ. ಕಾರು ಶೆಡ್‌ನಲ್ಲೇ ಇದ್ದರೂ ಕಟ್ಟಬೇಕು. ಮೇನ್ ಲೈನಿಗೆ ಸೆನ್ಸರ್ ಹಾಕುವ ಸ್ಮಾರ್ಟ್ ಚಾರ್ಜರ್‌ಗಳಿವೆ. ಗೀಸರ್, ಬೋರ್ ಮೋಟಾರ್ ಓಡುವಾಗ ಅವು ಕಾರಿನ ಕರೆಂಟನ್ನು 6 ಆಂಪಿಯರ್‌ವರೆಗೂ ಇಳಿಸುತ್ತವೆ, ಆಮೇಲೆ ಮತ್ತೆ ಏರಿಸುತ್ತವೆ. ಎರಡು ಕಾರಿರುವ ಮನೆ, ಮೋಟಾರ್ ಜಾಸ್ತಿ ಓಡುವ ತೋಟದ ಮನೆ, ಇಂಥವರಿಗೆ ಲೋಡ್ ಏರಿಸುವುದು ತಪ್ಪಿದರೆ ಪೆಟ್ಟಿಗೆಯ ದುಡ್ಡು ನಾಲ್ಕು ವರ್ಷದೊಳಗೆ ಹುಟ್ಟುತ್ತದೆ. ಕೊಳ್ಳುವಾಗ ಈ ಸೌಲಭ್ಯ ಇದೆಯಾ ಅಂತ ಕೇಳಿ. ಆ್ಯಪ್ ಇದ್ದ ಮಾತ್ರಕ್ಕೆ ಇದು ಇರುತ್ತದೆ ಅಂತಲ್ಲ.

ಆದರೆ ಅದಕ್ಕೂ ಮೊದಲು ಕೇಳಬೇಕಾದ್ದು, 7 ಕಿಲೋವ್ಯಾಟ್ ಯಾಕೆ ಬೇಕು? ಹಾಸನದೊಳಗೆ ದಿನಕ್ಕೆ 30-35 ಕಿಲೋಮೀಟರ್ ಓಡಿಸಿದರೆ ಬೇಕಾಗುವುದು ಐದು ಯೂನಿಟ್. 10 ಆಂಪಿಯರ್ ಎಳೆಯುವ ಸಾಧಾರಣ ಚಾರ್ಜರ್ ಗಂಟೆಗೆ ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ ಕೊಡುತ್ತದೆ. ಎರಡೂವರೆ ಗಂಟೆ ಸಾಕು. ಬೇಲೂರಿಗೆ ಹೋಗಿ ಬಂದರೂ ರಾತ್ರಿ ಮಲಗಿ ಏಳುವುದರೊಳಗೆ ತುಂಬಿರುತ್ತದೆ.

ಸೋಲಾರ್ ಇದ್ದವರು ಹಗಲಲ್ಲೇ ಚಾರ್ಜ್ ಮಾಡಬೇಕಾ ಅಂತ ಕೇಳುತ್ತಾರೆ. ನೆಟ್ ಮೀಟರಿಂಗ್ ಇದ್ದರೆ ಲೈನಿಗೆ ಕೊಟ್ಟದ್ದು, ಲೈನಿನಿಂದ ತಗೊಂಡದ್ದು ಬಿಲ್ಲಿನಲ್ಲಿ ವಜಾ ಆಗುತ್ತದೆ. ದರ ಒಂದೇ ಇರುವ ತನಕ ಹಗಲಾದರೂ ರಾತ್ರಿಯಾದರೂ ಒಂದೇ.

ಹೋಮ್‌ಸ್ಟೇ ನಡೆಸುವವರ ಮಾತು ಬೇರೆ. ಅತಿಥಿ ಎಷ್ಟು ಯೂನಿಟ್ ತಗೊಂಡರು ಅನ್ನುವ ಲೆಕ್ಕ, ಕಾರ್ಡ್ ತೋರಿಸಿದರೆ ಮಾತ್ರ ಶುರುವಾಗುವ ಬೀಗ, ಇವೆರಡೂ ಅವರಿಗೆ ಉಪಯೋಗಕ್ಕೆ ಬರುತ್ತವೆ. ಸಕಲೇಶಪುರ, ಮೂಡಿಗೆರೆ ಕಡೆ ನೆಟ್‌ವರ್ಕ್ ಸಿಗುವ ಜಾಗ ನೋಡಿ ಹಾಕಿಸಿ. ಇಲ್ಲದಿದ್ದರೆ ಆ್ಯಪ್ ಸುಮ್ನೆ ಕೂತಿರುತ್ತದೆ.

ಕೊನೆಗೆ, ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಗಂಟೆಗಟ್ಟಲೆ ಒಂದೇ ಸಮ ಇಷ್ಟು ಕರೆಂಟ್ ಎಳೆಯುವ ವಸ್ತು ಹೆಚ್ಚಿನ ಮನೆಗಳಲ್ಲಿ ಬೇರೆ ಇಲ್ಲ. ಸಡಿಲವಾದ ಹಳೇ ಸಾಕೆಟ್ ಕರಗುತ್ತದೆ. ಕಾರಿಗೆ ಬೇರೆಯದೇ ಲೈನ್ ಎಳೆಸಿ, ಸಾಧಾರಣ ಚಾರ್ಜರ್‌ಗೆ 4 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿಸಿ, 7 ಕಿಲೋವ್ಯಾಟಿನದಾದರೆ ಇನ್ನೂ ದಪ್ಪದ್ದು ಬೇಕು. ಅದಕ್ಕೇ ಕರೆಂಟ್ ಜಾಸ್ತಿಯಾದರೆ ಲೈನ್ ಕಡಿಯುವ ಒಂದು ಎಂಸಿಬಿ, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಲಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ, ಅದು ಸರಿ ಇಲ್ಲದಿದ್ದರೆ ಎಷ್ಟೋ ಕಾರು ಚಾರ್ಜ್ ಆಗುವುದೇ ಇಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ನಮಗೆಲ್ಲ ಗೊತ್ತು, ವೋಲ್ಟೇಜ್ ಒಮ್ಮೆಲೇ ಏರಿದರೆ ತಡೆಯುವ ಒಂದು ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಸ್ಮಾರ್ಟ್ ಪೆಟ್ಟಿಗೆಗೆ ಎತ್ತಿಟ್ಟ ದುಡ್ಡಿದ್ದರೆ ಮೊದಲು ಇಷ್ಟಕ್ಕೆ ಖರ್ಚು ಮಾಡಿ.

ಕರೆಂಟ್ ಬಿಲ್ ಮೊಬೈಲ್‌ನಲ್ಲಿ ಇದ್ದವರು ತೆಗೆದಿಡಿ. ಸ್ಯಾಂಕ್ಷನ್ ಲೋಡ್ ಎಷ್ಟು, ಸರಾಸರಿ ಯೂನಿಟ್ ಎಷ್ಟು ಅಂತ ನೋಡಿಕೊಳ್ಳಿ. ಈಗ ಒಬ್ಬೊಬ್ಬರದೇ ಲೆಕ್ಕ ಹಾಕೋಣ.